ಮುಖ ಕೆಂಪೇರಿದರೆ ಮಕ್ಕಳ ತಪ್ಪೇನು?

ಮನೆಗೆ ನೆಂಟರು ಬಂದಿದ್ದಾರೆ. ಟೀ ತಟ್ಟೆ ಹಿಡಿದು ಬಂದ ಹದಿನಾಲ್ಕರ ಹುಡುಗಿಯನ್ನು ಖಾಲಾ ಒಬ್ಬರು “ಈಗ ಯಾವ ಕ್ಲಾಸಮ್ಮಾ?” ಎಂದು ಕೇಳುತ್ತಾರೆ. ಅಷ್ಟಕ್ಕೇ ಅವಳ ಕೆನ್ನೆ, ಕಿವಿ, ಕತ್ತು ಬಿಸಿಯಾಗಿ ಕೆಂಪೇರುತ್ತವೆ. “ನೋಡಿ, ಟೊಮೆಟೊ ಆಗಿಬಿಟ್ಟಳು!” ಎಂದು ಅಣ್ಣ ಹಾಸ್ಯ ಮಾಡುತ್ತಾನೆ. ಎಲ್ಲರೂ ನಗುತ್ತಾರೆ. ಮುಂದಿನ ಸಲ ನೆಂಟರು ಬಂದಾಗ ಆ ಹುಡುಗಿ ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ.

ತೆರಕಣಾಂಬಿಯಂತಹ ಊರಿನಲ್ಲಿ ಎಲ್ಲರಿಗೂ ಎಲ್ಲರ ಗುರುತಿರುತ್ತದೆ. ಅಂಗಡಿ ಬೀದಿಯಲ್ಲಿ, ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಹೋಗುವ ಬಸ್ಸಿನಲ್ಲಿ ಯಾರಾದರೊಬ್ಬರು ಮಾತನಾಡಿಸುತ್ತಾರೆ. ಮುಖ ಕೆಂಪೇರುವ ಮಕ್ಕಳಿಗೆ ಇದು ದಿನನಿತ್ಯದ ಪರೀಕ್ಷೆ. ಉತ್ತರ ಗೊತ್ತಿದ್ದರೂ ಕೈಯೆತ್ತದೆ ಕೂರುವ ಮಕ್ಕಳನ್ನು ತರಗತಿಯಲ್ಲಿ ನಾವು ಶಿಕ್ಷಕರು ಕಾಣುತ್ತಲೇ ಇರುತ್ತೇವೆ. ಹುಡುಗರಲ್ಲೂ ಈ ತೊಂದರೆ ಇದೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಹೀಗೇಕಾಗುತ್ತದೆ?

ನಾಚಿಕೆ, ಗಾಬರಿ, ಹೊಗಳಿಕೆ ಯಾವುದೇ ಇರಲಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಅನಿಸಿದೊಡನೆ ನಮ್ಮ ಹತೋಟಿಯಲ್ಲಿಲ್ಲದ ನರವ್ಯೂಹ ಎಚ್ಚರಗೊಳ್ಳುತ್ತದೆ. ಮುಖದ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚು ಹರಿಯುತ್ತದೆ. ಬಿಳಿ ಬಣ್ಣದವರಲ್ಲಿ ಅದು ಎದ್ದು ಕಾಣುತ್ತದೆ. ಕಪ್ಪು ಬಣ್ಣದವರಲ್ಲಿ ಅಷ್ಟಾಗಿ ಕಾಣದಿದ್ದರೂ ಮುಖ ಬಿಸಿಯಾದದ್ದು ಅವರಿಗೆ ತಿಳಿಯುತ್ತದೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥವೊಂದರಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟ. ಕಣ್ಣು ಕಾಣದವರ ಮುಖವೂ ಕೆಂಪೇರುತ್ತದೆ ಎಂದು ಅವನು ದಾಖಲಿಸಿದ್ದಾನೆ.

ಹದಿಹರೆಯದಲ್ಲಿ ‘ಇತರರು ನನ್ನ ಬಗ್ಗೆ ಏನೆಂದುಕೊಂಡಾರು’ ಎಂಬ ಯೋಚನೆ ಹೆಚ್ಚು. ಆದ್ದರಿಂದ ಕೆಂಪೇರುವುದೂ ಹೆಚ್ಚು. ‘ಈಗ ಕೆಂಪಾಗುತ್ತೇನೆ’ ಎಂಬ ಭಯವೇ ಮತ್ತಷ್ಟು ಕೆಂಪಾಗಿಸುತ್ತದೆ. ನಾವು ಮಾಡುವ ಹಾಸ್ಯ ಈ ಭಯಕ್ಕೆ ಗೊಬ್ಬರ ಹಾಕಿದಂತೆ.

ಕ್ರೀಮಿನ ಅಪಾಯ

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಮುಖ ಬೆಳ್ಳಗಾಗಲೆಂದು, ಮೊಡವೆ ಹೋಗಲೆಂದು ಮಕ್ಕಳು ಮೆಡಿಕಲ್ ಸ್ಟೋರಿನಿಂದ ಟ್ಯೂಬ್ ತಂದು ಹಚ್ಚುತ್ತಾರೆ. ಅದರಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್‌ನಂತಹ ಸ್ಟಿರಾಯ್ಡ್ ಇದ್ದರೆ ಮೊದಲು ಮುಖ ಹೊಳೆಯುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಬಿಸಿಲಿಗೆ ಹೋದರೆ ಉರಿ, ಮೊಡವೆ, ಮುಖದಲ್ಲಿ ಕೂದಲು. ಬಿಟ್ಟರೆ ಕೆಂಪು ಹೆಚ್ಚುತ್ತದೆಂದು ಮತ್ತೆ ಅದನ್ನೇ ಹಚ್ಚುತ್ತಾರೆ. ಇಂತಹ 14 ಸ್ಟಿರಾಯ್ಡ್ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿತು. ತಾಯಂದಿರೇ, ಮಗಳ ಕಪಾಟಿನ ಟ್ಯೂಬಿನ ಮೇಲಿನ ಹೆಸರನ್ನು ಒಮ್ಮೆ ಓದಿ ನೋಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಚರ್ಮ ವೈದ್ಯರಿಗೆ ತೋರಿಸಿ.

ನಾಚಿಕೆಯಿಂದ ಬಂದ ಕೆಂಪು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ದಿನಗಟ್ಟಲೆ ಉಳಿದರೆ, ಉರಿ ಅಥವಾ ಹೊಟ್ಟು ಏಳುವುದಿದ್ದರೆ, ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯ ಆಕಾರದಲ್ಲಿ ಹರಡಿ ಜ್ವರ, ಕೀಲುನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಲಜ್ಜೆ ಬೇರೆ, ಭಯ ಬೇರೆ

ಪ್ರವಾದಿ(ಸ)ಯವರು ಲಜ್ಜೆಯನ್ನು ಈಮಾನಿನ ಭಾಗವೆಂದು ಕಲಿಸಿದರು. ಆದರೆ ಬಾಯಿ ಕಟ್ಟುವ ಭಯ ಲಜ್ಜೆಯಲ್ಲ. ಲಜ್ಜೆಯಿದ್ದೂ ಧರ್ಮವನ್ನು ಕೇಳಿ ಕಲಿಯಲು ಹಿಂಜರಿಯದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ತಿಳಿಯಬೇಕು.

ಮಗುವಿನ ಮುಖ ಕೆಂಪೇರಿದಾಗ ಅದನ್ನು ಎತ್ತಿ ಆಡಬೇಡಿ; ಮಾತು ಮುಂದುವರಿಸಿ. ನಿಧಾನವಾಗಿ ಉಸಿರೆಳೆದು ಬಿಡಲು, ಹೇಳಬೇಕಾದ ವಿಷಯದ ಮೇಲೆ ಗಮನವಿಡಲು ಕಲಿಸಿ. ಮೊದಲು ಮನೆಯವರ ಮುಂದೆ, ನಂತರ ಗೆಳತಿಯರ ಮುಂದೆ ಓದಿಸಿ. ಭಯದಿಂದ ಶಾಲೆಯನ್ನೇ ಬಿಡುವ ಮಟ್ಟಕ್ಕೆ ಹೋದರೆ ಸರಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತ ಸಲಹೆ ಪಡೆಯಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತಪ್ಪು ಮಾಡಿ ಮುಖ ಕೆಂಪಾದವರನ್ನು ಜನರು ಹೆಚ್ಚು ಮೃದುವಾಗಿ ಕಾಣುತ್ತಾರೆಂದು ಮನೋವಿಜ್ಞಾನದ ಅಧ್ಯಯನಗಳು ಹೇಳುತ್ತವೆ. ಹೊರಗಿನವರೇ ಹಾಗಿರುವಾಗ ಮನೆಯವರು ನಗಬಹುದೇ? ಮುಂದಿನ ಸಲ ಟೀ ತಟ್ಟೆ ಹಿಡಿದು ಮಗಳು ಬಂದಾಗ ಅವಳ ಕೆನ್ನೆಯನ್ನು ನೋಡಬೇಡಿ, ಅವಳ ಮಾತನ್ನು ಕೇಳಿ.