ಮುದಿನಾಯಿಯ ಮರೆವಿಗೆ ಬ್ರಾಹ್ಮಿ ಮದ್ದೇ?

ಇರುಳೆಲ್ಲ ಬೊಗಳುವುದು, ಪರಿಚಿತ ಅಂಗಳದಲ್ಲೇ ದಿಕ್ಕು ತಪ್ಪುವುದು, ಮನೆಯೊಳಗೆ ಮೂತ್ರ ಮಾಡುವುದು: ಮುದಿನಾಯಿಯಲ್ಲಿ ಇವು ತುಂಟತನವಲ್ಲ, ಮಿದುಳಿನ ಸವಕಳಿಯ ಲಕ್ಷಣಗಳಾಗಿರಬಹುದು. ಇದಕ್ಕೆ ಕೆಲವರು ಬ್ರಾಹ್ಮಿಯನ್ನು ಸೂಚಿಸುತ್ತಾರೆ. ಆದರೆ ತುಳುವರು ತಿಮರೆಯೆನ್ನುವ ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಈ ಹೆಸರು ಸಲ್ಲುತ್ತದೆ. ಸಸ್ಯಗಳು ಮಾತ್ರ ಬೇರೆ ಬೇರೆ. ಇವುಗಳಿಂದ ನಾಯಿಯ ಮರೆವು ನೀಗುವುದೆಂಬುದು ದೃಢಪಟ್ಟಿಲ್ಲ. ಅಮೆರಿಕವು 1998ರಲ್ಲಿ ಈ ಕಾಯಿಲೆಗೆ ಮಾನ್ಯ ಮಾಡಿದ ಸೆಲೆಜಿಲಿನ್ ಮಾತ್ರೆ ಕೂಡ ಲಕ್ಷಣಗಳನ್ನು ತಗ್ಗಿಸೀತೇ ಹೊರತು ಕಾಯಿಲೆಯನ್ನು ಗುಣಪಡಿಸದು.

ಮೂತ್ರಪಿಂಡದ ಕಾಯಿಲೆ, ದೃಷ್ಟಿಮಾಂದ್ಯ, ಕೀಲುನೋವುಗಳಲ್ಲೂ ಇಂತಹ ವರ್ತನೆ ಕಾಣಬಹುದಾದುದರಿಂದ ಸೊಪ್ಪು ಅರೆಯುವ ಮೊದಲು ಪಶುವೈದ್ಯರಿಗೆ ತೋರಿಸುವುದು ಲೇಸು. ಹೊತ್ತಿಗೆ ಸರಿಯಾದ ಊಟ, ಮಿತವಾದ ನಡಿಗೆ, ಇರುಳಲ್ಲೊಂದು ಮಂದದೀಪ ಅದರ ಗಾಬರಿಯನ್ನು ತಗ್ಗಿಸಬಲ್ಲವು. ಬೇಸತ್ತು ಅದನ್ನು ಹಸಿವು ಬಾಯಾರಿಕೆಗಳ ಪಾಲಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ.