ರಸ್ತೆಯ ರಾಯಭಾರಿ

ಮನುಷ್ಯನು ನಿರ್ಮಿಸಿದ ಯಂತ್ರಗಳಿಗೂ ಆಯುಸ್ಸು ಎಂಬುದುಂಟು. ಹಲವು ಯಂತ್ರಗಳು ಹುಟ್ಟಿದ ಕೆಲವೇ ವರ್ಷಗಳಲ್ಲಿ ಹಳತಾಗಿ ಮರೆಯಾಗುತ್ತವೆ. ಕೆಲವು ಮಾತ್ರ ಎರಡು ಮೂರು ತಲೆಮಾರುಗಳ ಬದುಕಿನೊಡನೆ ಬೆರೆತು ದೀರ್ಘಕಾಲ ಬಾಳುತ್ತವೆ. ಹೀಗೆ ಬಾಳಿದ ಯಂತ್ರಗಳಲ್ಲಿ ಅಂಬಾಸಿಡರ್ ಕಾರು ಒಂದು. ೧೯೫೭ರಿಂದ ೨೦೧೪ರವರೆಗೆ, ಐವತ್ತೇಳು ವರ್ಷಗಳ ಕಾಲ, ಅದು ನಮ್ಮ ದೇಶದಲ್ಲಿ ತಯಾರಾಯಿತು. ಅಂಬಾಸಿಡರ್ ಎಂದರೆ ರಾಯಭಾರಿ ಎಂದರ್ಥ. ಹೆಸರಿಗೆ ತಕ್ಕಂತೆ ಅದು ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಹೊತ್ತು ತಿರುಗಿತು. ಮದುವೆಯ ದಿಬ್ಬಣದಲ್ಲಿ ವಧೂವರರನ್ನೂ, ಬಾಡಿಗೆಯ ಕಾರಾಗಿ ಸಾಮಾನ್ಯ ಪ್ರಯಾಣಿಕರನ್ನೂ ಕರೆದೊಯ್ದಿತು. ಇಂತಹ ಕಾರು ಅಷ್ಟು ಕಾಲ ಬಾಳಿದ್ದು ಹೇಗೆ? ಬಾಳಿದ ಬಳಿಕ ಅಳಿದದ್ದು ಏಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಬಹುಮಟ್ಟಿಗೆ ಒಂದೇ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಅಂಬಾಸಿಡರಿನ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿನ ಆಕ್ಸ್‌ಫರ್ಡ್ ನಗರದ ಬಳಿಯ ಕೌಲಿ ಎಂಬಲ್ಲಿ ಮಾರಿಸ್ ಸಂಸ್ಥೆಯ ಕಾರ್ಖಾನೆಯಿತ್ತು. ಆ ಸಂಸ್ಥೆಯು ‘ಮಾರಿಸ್ ಆಕ್ಸ್‌ಫರ್ಡ್’ ಎಂಬ ಹೆಸರಿನಿಂದ ಕುಟುಂಬಗಳ ಬಳಕೆಗೆಂದು ಕಾರುಗಳನ್ನು ತಯಾರಿಸುತ್ತಿತ್ತು. ಇತ್ತ ಭಾರತದಲ್ಲಿ ಬ್ರಜಮೋಹನ ಬಿರ್ಲಾ ಅವರು ೧೯೪೨ರಲ್ಲಿ ‘ಹಿಂದುಸ್ತಾನ್ ಮೋಟರ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಗುಜರಾತಿನ ಓಖಾ ಬಂದರಿನಲ್ಲಿದ್ದ ಅದರ ಕೆಲಸವು ೧೯೪೮ರಲ್ಲಿ ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಾಕ್ಕೆ ವರ್ಗವಾಯಿತು. ಕಾರ್ಖಾನೆಯ ಸುತ್ತ ಒಂದು ಊರೇ ಬೆಳೆಯಿತು. ಅಲ್ಲಿನ ರೈಲ್ವೆ ನಿಲ್ದಾಣಕ್ಕೂ ‘ಹಿಂದ್ ಮೋಟರ್’ ಎಂಬ ಹೆಸರು ಬಂದಿತು.

ಆ ಕಾರ್ಖಾನೆಯಲ್ಲಿ ಮೊದಮೊದಲು ತಯಾರಾದ ಕಾರುಗಳೆಲ್ಲವೂ ಮಾರಿಸ್ ಕಾರುಗಳ ಭಾರತೀಯ ರೂಪಗಳೇ. ‘ಹಿಂದುಸ್ತಾನ್ ಟೆನ್’, ‘ಹಿಂದುಸ್ತಾನ್ ಫೋರ್ಟೀನ್’, ‘ಬೇಬಿ ಹಿಂದುಸ್ತಾನ್’ ಮುಂತಾದುವು ಒಂದಾದ ಮೇಲೊಂದು ಬಂದುವು. ಆಕ್ಸ್‌ಫರ್ಡಿನ ಎರಡನೆಯ ಮಾಲಿಕೆಯನ್ನು ಅನುಸರಿಸಿ ‘ಲ್ಯಾಂಡ್‌ಮಾಸ್ಟರ್’ ಸಿದ್ಧವಾಯಿತು. ೧೯೫೬ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೂರನೆಯ ಮಾಲಿಕೆಯನ್ನು ಆಧರಿಸಿ ಮರುವರ್ಷವೇ ಹುಟ್ಟಿದುದು ಅಂಬಾಸಿಡರ್. ಇಂಗ್ಲೆಂಡಿನಲ್ಲಿ ಆ ಮೂರನೆಯ ಮಾಲಿಕೆಯು ಮೂರು ವರ್ಷಗಳಲ್ಲಿಯೇ ಮುಗಿದು, ಅದರ ಸ್ಥಾನಕ್ಕೆ ಬೇರೆ ಕಾರು ಬಂದಿತು. ತಾಯ್ನಾಡಿನಲ್ಲಿ ಮೂರು ವರ್ಷ ಬಾಳಿದ ವಿನ್ಯಾಸವು ಭಾರತದಲ್ಲಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಾಳಿತು!

ಈ ದೀರ್ಘಾಯುಸ್ಸಿಗೆ ಮೊದಲನೆಯ ಕಾರಣ ಕಾರಿನ ರಚನೆಯಲ್ಲಿಯೇ ಇದೆ. ನಾಲ್ಕು ಮೀಟರುಗಳಿಗಿಂತ ತುಸು ಹೆಚ್ಚು ಉದ್ದ, ಗುಂಡಗಿನ ಮೈ, ಎತ್ತರವಾದ ಛಾವಣಿ, ವಿಶಾಲವಾದ ಡಿಕ್ಕಿ ಇವು ಅದರ ಲಕ್ಷಣಗಳು. ಮುಂಭಾಗದಲ್ಲಿ ಬೇರೆ ಬೇರೆ ಕುರ್ಚಿಗಳ ಬದಲು ಒಂದೇ ಉದ್ದನೆಯ ಆಸನವಿತ್ತು. ಗೇರು ಬದಲಿಸುವ ಹಿಡಿಯು ನೆಲದ ಮೇಲಿರದೆ, ಸ್ಟಿಯರಿಂಗ್ ಚಕ್ರದ ಕೆಳಗಿನ ಕಂಬಕ್ಕೆ ಹೊಂದಿಕೊಂಡಿತ್ತು. ಆದ್ದರಿಂದ ಚಾಲಕನ ಪಕ್ಕದಲ್ಲಿ ಇನ್ನಿಬ್ಬರು ಕುಳಿತುಕೊಳ್ಳಲು ಅಡ್ಡಿಯಿರಲಿಲ್ಲ. ಅಜ್ಜ ಅಜ್ಜಿ ಮೊಮ್ಮಕ್ಕಳೆಲ್ಲರೂ ಕೂಡಿ ಹೊರಡುವ ನಮ್ಮ ಅವಿಭಕ್ತ ಕುಟುಂಬಗಳಿಗೆ ಇದು ಬಹಳ ಒಪ್ಪಿತು. ಹಿಂದಿನ ಚಕ್ರಗಳ ಮೇಲೆ ಉಕ್ಕಿನ ಕಮಾನು ಪಟ್ಟಿಗಳಿದ್ದುವು. ಹಳ್ಳದಿಣ್ಣೆಗಳ ದಾರಿಯಲ್ಲಿ ಅವು ಹೊರೆಯನ್ನು ತಾಳಿಕೊಳ್ಳುತ್ತಿದ್ದುವು. ಬಾನೆಟ್ಟನ್ನು ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗವಿತ್ತು. ಹೀಗಾಗಿ ಸಣ್ಣ ಊರಿನ ಮೆಕ್ಯಾನಿಕನೂ ಕೆಲವೇ ಉಪಕರಣಗಳಿಂದ ಅದನ್ನು ದುರಸ್ತಿ ಮಾಡಬಲ್ಲವನಾಗಿದ್ದನು.

ಎರಡನೆಯ ಕಾರಣ ದೇಶದ ಆರ್ಥಿಕ ನೀತಿ. ಸ್ವಾತಂತ್ರ್ಯಾನಂತರ ವಿದೇಶೀ ವಿನಿಮಯದ ಕೊರತೆಯಿದ್ದ ಕಾಲದಲ್ಲಿ, ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವುದಷ್ಟೇ ಸಾಲದು, ಕಾರುಗಳನ್ನು ಇಲ್ಲಿಯೇ ತಯಾರಿಸಬೇಕು ಎಂದು ಸರಕಾರವು ಬಯಸಿತು. ಜೋಡಣೆಯ ಕೆಲಸವನ್ನಷ್ಟೇ ಮಾಡುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಸಂಸ್ಥೆಗಳು ೧೯೫೪ರ ವೇಳೆಗೆ ಭಾರತದಿಂದ ನಿರ್ಗಮಿಸಿದುವು. ಕಾರುಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದುವು. ಎಷ್ಟು ಕಾರುಗಳನ್ನು ಯಾರು ತಯಾರಿಸಬೇಕೆಂಬುದನ್ನು ಸರಕಾರದ ಪರವಾನಗಿ ನಿರ್ಧರಿಸುತ್ತಿತ್ತು. ಹೀಗಾಗಿ ಬಹುಕಾಲ ಭಾರತೀಯರ ಮುಂದಿದ್ದ ಆಯ್ಕೆ ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಎಂಬ ಮೂರಕ್ಕೇ ಸೀಮಿತವಾಯಿತು. ಬೇಡಿಕೆ ಹೆಚ್ಚು, ಉತ್ಪಾದನೆ ಕಡಿಮೆ. ಹಣ ಕಟ್ಟಿದವರು ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು.

ಕೊಳ್ಳುವವರು ಬಾಗಿಲ ಬಳಿ ಕಾದು ನಿಂತಿರುವಾಗ ಸರಕನ್ನು ಉತ್ತಮಪಡಿಸುವ ಒತ್ತಾಯ ತಯಾರಕನಿಗೆ ಎಲ್ಲಿಂದ ಬಂದೀತು? ಅಂಬಾಸಿಡರಿನ ವಿವಿಧ ರೂಪಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆರಂಭದ ಕಾರಿನ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದುವು. ಇಂಧನ ಮತ್ತು ಗಾಳಿಯ ಮಿಶ್ರಣವು ಡೊಂಕಾದ ದಾರಿಯಲ್ಲಿ ಒಳಹೋಗಬೇಕಾಗಿದ್ದುದರಿಂದ ಶಕ್ತಿ ಕಡಿಮೆಯಾಗುತ್ತಿತ್ತು. ೧೯೫೯ರಲ್ಲಿ ಕವಾಟಗಳು ಸಿಲಿಂಡರಿನ ತಲೆಯ ಮೇಲಿರುವ, ೧೪೮೯ ಘನ ಸೆಂಟಿಮೀಟರ್ ಗಾತ್ರದ ಎಂಜಿನ್ನನ್ನು ಅಳವಡಿಸಲಾಯಿತು. ಇದು ನಿಜವಾದ ಸುಧಾರಣೆ. ಆದರೆ ೧೯೬೩ರಲ್ಲಿ ಬಂದ ‘ಮಾರ್ಕ್ ಟೂ’, ೧೯೭೫ರ ‘ಮಾರ್ಕ್ ತ್ರೀ’, ೧೯೭೯ರ ‘ಮಾರ್ಕ್ ಫೋರ್’ ಇವುಗಳಲ್ಲಿ ಬದಲಾದುದು ಮುಖ್ಯವಾಗಿ ಮುಂಭಾಗದ ಜಾಲರಿ, ದೀಪಗಳು ಮತ್ತು ಒಳಗಿನ ಅಲಂಕಾರ. ಮೈಕಟ್ಟು ಹಾಗೆಯೇ ಉಳಿಯಿತು. ಎಂಜಿನ್ನೂ ಅದೇ ಆಗಿತ್ತು. ೧೯೮೦ರಲ್ಲಿ ಡೀಸೆಲ್ ಎಂಜಿನ್ನಿನ ಅಂಬಾಸಿಡರ್ ಹೊರಬಂದಿತು. ಭಾರತದಲ್ಲಿ ತಯಾರಾದ ಮೊದಲ ಡೀಸೆಲ್ ಕಾರು ಎಂಬ ಕೀರ್ತಿ ಅದರದು. ಇಂಧನದ ವೆಚ್ಚ ತಗ್ಗಿದುದರಿಂದ ಟ್ಯಾಕ್ಸಿಯವರು ಅದನ್ನು ಆದರದಿಂದ ಬರಮಾಡಿಕೊಂಡರು.

೧೯೮೩ರ ಡಿಸೆಂಬರಿನಲ್ಲಿ ಪರಿಸ್ಥಿತಿ ಬದಲಾಯಿತು. ಜಪಾನಿನ ಸುಜುಕಿ ಸಂಸ್ಥೆಯ ಸಹಯೋಗದಿಂದ ನಿರ್ಮಿತವಾದ ‘ಮಾರುತಿ ೮೦೦’ ಆ ತಿಂಗಳು ಮಾರುಕಟ್ಟೆಗೆ ಬಂದಿತು. ಅದು ಗಾತ್ರದಲ್ಲಿ ಸಣ್ಣದು, ತೂಕದಲ್ಲಿ ಹಗುರವಾದುದು, ಇಂಧನವನ್ನು ಮಿತವಾಗಿ ಬಳಸುವಂಥದು. ಮಧ್ಯಮವರ್ಗದ ಕುಟುಂಬಗಳು ಕ್ರಮೇಣ ಅದರ ಕಡೆಗೆ ತಿರುಗಿದುವು. ೧೯೯೧ರ ಆರ್ಥಿಕ ಸುಧಾರಣೆಗಳ ತರುವಾಯ, ೧೯೯೩ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಬಂಧನವೂ ತಪ್ಪಿತು. ಅನೇಕ ವಿದೇಶೀ ಸಂಸ್ಥೆಗಳು ಸ್ಪರ್ಧೆಗೆ ಇಳಿದುವು.

ಆಗ ಅಂಬಾಸಿಡರ್ ಎಚ್ಚೆತ್ತುಕೊಂಡಿತು. ೧೯೯೦ರಲ್ಲಿ ‘ನೋವಾ’ ಬಂದಿತು. ಅದರ ಬೆನ್ನಿಗೇ ಜಪಾನಿನ ಇಸುಜು ಸಂಸ್ಥೆಯ ಎಂಜಿನ್ನನ್ನೂ ಐದು ಗೇರುಗಳನ್ನೂ ಹೊಂದಿದ ‘೧೮೦೦ ಐಎಸ್‌ಜಡ್’ ಬಂದಿತು. ಹಳೆಯ ಅಂಬಾಸಿಡರಿಗಿಂತ ಅದು ಎಷ್ಟೋ ಚುರುಕಾಗಿತ್ತು. ೨೦೦೩ರಲ್ಲಿ ‘ಗ್ರ್ಯಾಂಡ್’, ೨೦೦೪ರಲ್ಲಿ ‘ಅವಿಗೋ’, ೨೦೧೩ರಲ್ಲಿ ಹೊಸ ಮಾಲಿನ್ಯ ನಿಯಮಗಳಿಗೆ ಒಪ್ಪುವ ‘ಎನ್‌ಕೋರ್’ ಹೊರಬಂದುವು. ಆದರೆ ಈ ಎಚ್ಚರ ತಡವಾಗಿ ಬಂದಿತ್ತು. ಸರಕಾರಿ ಕಚೇರಿಗಳು ಮತ್ತು ಟ್ಯಾಕ್ಸಿಯವರು ಮಾತ್ರ ಅದರ ಆಶ್ರಯದಾತರಾಗಿ ಉಳಿದರು. ಕಾಲಕ್ರಮದಲ್ಲಿ ಪ್ರಧಾನಮಂತ್ರಿಗಳ ಪ್ರಯಾಣಕ್ಕೂ ಬೇರೆ ಕಾರುಗಳು ಬಂದುವು. ಒಂದು ಕಾಲಕ್ಕೆ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚಾಗಿದ್ದ ಮಾರಾಟವು ಕೊನೆಯ ವರ್ಷ ಸುಮಾರು ಎರಡು ಸಾವಿರಕ್ಕೆ ಇಳಿದಿತ್ತು.

೨೦೧೪ರ ಮೇ ೨೪ರಂದು ಉತ್ತರಪಾರಾದ ಕಾರ್ಖಾನೆಯಲ್ಲಿ ಕೆಲಸ ಸ್ಥಗಿತಗೊಂಡಿತು. ಅಲ್ಲಿ ದುಡಿಯುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿತು. ಕಾರು ಮುಗಿಯಿತೆಂದು ಹೇಳುವಾಗ ಈ ಕುಟುಂಬಗಳ ಕಷ್ಟವನ್ನು ನಾವು ಮರೆಯಬಾರದು. ೨೦೧೭ರಲ್ಲಿ ಅಂಬಾಸಿಡರ್ ಎಂಬ ಹೆಸರಿನ ಹಕ್ಕನ್ನು ಫ್ರಾನ್ಸಿನ ಪೂಜೋ ಸಂಸ್ಥೆಯು ಎಂಬತ್ತು ಕೋಟಿ ರೂಪಾಯಿಗಳಿಗೆ ಕೊಂಡಿತು. ಕೋಲ್ಕತ್ತದ ಬೀದಿಗಳ ಗುರುತಾಗಿದ್ದ ಹಳದಿ ಟ್ಯಾಕ್ಸಿಗಳು ವರ್ಷ ವರ್ಷಕ್ಕೂ ವಿರಳವಾಗತೊಡಗಿದುವು.

ಸ್ಪರ್ಧೆಯಿಲ್ಲದ ರಕ್ಷಣೆಯೇ ಅಂಬಾಸಿಡರನ್ನು ಬೆಳೆಸಿತು. ಆ ರಕ್ಷಣೆಯೇ ಅದನ್ನು ಬದಲಾಗದಂತೆ ತಡೆಯಿತು. ಎಳೆಯ ಸಸಿಗೆ ಬೇಲಿ ಬೇಕು. ಗಿಡ ಮರವಾದ ಮೇಲೂ ಬೇಲಿಯನ್ನೇ ನಂಬಿ ನಿಂತರೆ ಅದರ ಬೇರು ಆಳಕ್ಕೆ ಇಳಿದಿದೆಯೇ ಇಲ್ಲವೇ ಎಂಬುದು ತಿಳಿಯುವುದು ಬಿರುಗಾಳಿ ಬೀಸಿದಾಗಲೇ. ಹಾಗೆಂದು ಈ ಕಾರಿನ ಸೇವೆಯನ್ನು ಅಲ್ಪವೆಂದು ಎಣಿಸಲಾಗದು. ಸ್ವತಂತ್ರ ಭಾರತವು ಯಂತ್ರ ನಿರ್ಮಾಣದ ಮೊದಲ ಪಾಠಗಳನ್ನು ಕಲಿತ ಶಾಲೆಗಳಲ್ಲಿ ಉತ್ತರಪಾರಾವೂ ಒಂದು. ಅಲ್ಲಿ ಪಳಗಿದ ಕೈಗಳು, ಊರೂರಿನ ಗ್ಯಾರೇಜುಗಳಲ್ಲಿ ಈ ಕಾರನ್ನು ಬಿಚ್ಚಿ ಜೋಡಿಸಿ ಕಸುಬು ಕಲಿತ ಕೈಗಳು ಅಸಂಖ್ಯಾತ. ಮುಂದೆ ಬಂದ ಕಾರುಗಳ ಉದ್ಯಮಕ್ಕೂ ಈ ಕೈಗಳ ಅನುಭವ ದೊರಕಿತು. ಗಳಿಸಿದ ಕೀರ್ತಿಯಲ್ಲಿ ತೃಪ್ತರಾಗಿ ನಿಂತವರು ಹಿಂದೆ ಉಳಿಯುತ್ತಾರೆ ಎಂಬ ಮಾತು ಯಂತ್ರಕ್ಕೆ ಅನ್ವಯಿಸುವಂತೆಯೇ ವ್ಯಕ್ತಿಗೂ ರಾಷ್ಟ್ರಕ್ಕೂ ಅನ್ವಯಿಸುತ್ತದೆ.