ಕೆಂಪು ಹಣ್ಣು, ಹಸುರೆಲೆ, ನನ್ನ ಕಣ್ಣು

ಕಾಫಿ ಕುಯ್ಲಿನ ದಿನಗಳಲ್ಲಿ ಮೂಡಿಗೆರೆಯಿಂದ ಕಳಸದ ಕಡೆಗೆ ಬಸ್ಸಿನಲ್ಲಿ ಹೋದವರು ರಸ್ತೆಯ ಎರಡು ಬದಿಯ ತೋಟಗಳನ್ನು ನೋಡಿ ಬೆರಗಾಗದೆ ಇರಲಾರರು. ಹಸುರೆಲೆಗಳ ನಡುವೆ ಗೊಂಚಲು ಗೊಂಚಲಾಗಿ ಕೆಂಪು ಹಣ್ಣು! "ಹವಳ ಪೋಣಿಸಿದಂತೆ" ಎಂದು ನನ್ನ ಸಹೋದ್ಯೋಗಿಗಳು ವರ್ಣಿಸುತ್ತಾರೆ. ಕನ್ನಡ ಪಾಠ ಹೇಳುವವನಾದ ನಾನೂ ತಲೆದೂಗುತ್ತೇನೆ. ಆದರೆ ವಾಚಕರಿಗೆ ಒಂದು ಗುಟ್ಟನ್ನು ಹೇಳಿಬಿಡುತ್ತೇನೆ: ಆ ಹವಳ ನನಗೆ ಕಾಣುವುದಿಲ್ಲ. ಹಣ್ಣೂ ಎಲೆಯೂ ನನ್ನ ಕಣ್ಣಿಗೆ ಹೆಚ್ಚು ಕಡಮೆ ಒಂದೇ ಮಾಸಲು ಬಣ್ಣ. ನಾನು ಬಣ್ಣಗುರುಡ, ವೈದ್ಯರ ಮಾತಿನಲ್ಲಿ ವರ್ಣಾಂಧ.

ಚಿಕ್ಕಂದಿನಲ್ಲಿ ರಜೆಯ ದಿನ ಅಜ್ಜಿಯ ಸಂಗಡ ಕುಯ್ಲಿಗೆ ಹೋಗುತ್ತಿದ್ದೆ. ಸಂಜೆ ಚೀಲ ಸುರುವಿದಾಗ ನನ್ನ ರಾಶಿಯಲ್ಲಿ ಅರ್ಧದಷ್ಟು ಹಸಿಕಾಯಿ. ಹಸಿಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತದೆ. "ಕಣ್ಣು ಎಲ್ಲಿಟ್ಟಿದ್ದೆಯೋ?" ಎಂದು ಮೇಸ್ತ್ರಿ ಗದರಿಸಿದ. ಅಜ್ಜಿ ಗದರಿಸಲಿಲ್ಲ. ಒಂದು ಹಣ್ಣನ್ನೂ ಒಂದು ಕಾಯನ್ನೂ ನನ್ನ ಕೈಗಿಟ್ಟು "ಅದುಮಿ ನೋಡು, ಮಗಾ" ಎಂದಳು. ಹಣ್ಣಿನ ಬೀಜ ಪುಳಕ್ಕನೆ ಜಾರಿ ಹೊರಬಂದಿತು, ಕಾಯಿ ಕಲ್ಲಿನಂತಿತ್ತು. "ಕಣ್ಣಿಗೆ ತಿಳಿಯದಿದ್ದರೆ ಬೆರಳನ್ನು ಕೇಳು" ಎಂದಳು. ಆ ಮಾತಿನ ಬೆಲೆ ನನಗೆ ತಿಳಿದುದು ಬಹು ತಡವಾಗಿ.

ಮುಖಪುಟದ ಪ್ರಸಂಗ

ಕೆಲವು ಕಾಲದ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಯ ಹೊಣೆ ನನ್ನ ಪಾಲಿಗೆ ಬಂದಿತು. ಮುಖಪುಟಕ್ಕೆ ವಿದ್ಯಾರ್ಥಿಯೊಬ್ಬ ತೆಗೆದ ಸೊಗಸಾದ ಫೋಟೋ: ಹಣ್ಣು ಕೊಯ್ಯುತ್ತಿರುವ ಹೆಂಗಸು. ಕಂಪ್ಯೂಟರಿನ ಪರದೆಯಲ್ಲಿ ಹಣ್ಣು ಎದ್ದು ಕಾಣಲಿಲ್ಲವೆಂದು ಪರದೆಯ ಕೆಂಪನ್ನು ಏರಿಸಿದೆ. ಹಣ್ಣು ಕಂಡಿತು, ಆದರೆ ಹೆಂಗಸಿನ ಮುಖ ತೀರ ಹೊಳೆಯಿತು. ಅದನ್ನು ಸರಿಪಡಿಸಲು ಚಿತ್ರದೊಳಗಿನ ಕೆಂಪನ್ನು ಇಳಿಸಿದೆ. ನನ್ನ ಕಣ್ಣಿಗೆ ಎಲ್ಲವೂ ಸರಿಯಾಯಿತು. ನಾಚಿಕೆಯಿಂದ ಯಾರನ್ನೂ ಕೇಳದೆ ಅಚ್ಚಿಗೆ ಕಳುಹಿಸಿಬಿಟ್ಟೆ.

ಸಂಚಿಕೆ ಬಂದಿತು. ನೋಡಿದವರೆಲ್ಲ ಸುಮ್ಮನಾದರು. ಕೊನೆಗೆ ಒಬ್ಬ ಹುಡುಗ "ಸಾರ್, ಆಕೆಯ ಮುಖಕ್ಕೆ ಪಾಚಿ ಹಿಡಿದಂತಿದೆಯಲ್ಲ?" ಎಂದ. ಹಣ್ಣೆಲ್ಲ ಮತ್ತೆ ಕಾಯಾಗಿತ್ತು! ಮುಖಪುಟವನ್ನು ಇನ್ನೊಮ್ಮೆ ಅಚ್ಚು ಹಾಕಿಸಿದ ಖರ್ಚು ನನ್ನ ಕಿಸೆಯದು. ಖರ್ಚಿಗಿಂತ ಹೆಚ್ಚಾಗಿ ನೋಯಿಸಿದುದು, ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದುದು ಬಯಲಾಯಿತೆಂಬ ಸಂಕೋಚ.

ದೋಷದ ಮೂಲ

ನಮ್ಮ ಅಕ್ಷಿಪಟದಲ್ಲಿ ಬಣ್ಣವನ್ನರಿಯುವ ಜೀವಕೋಶಗಳು ಮೂರು ಬಗೆ. ಬಣ್ಣಗುರುಡರಲ್ಲಿ ಸಾಮಾನ್ಯವಾಗಿ ಇವುಗಳಲ್ಲೊಂದು ಇರುವುದಿಲ್ಲ, ಇಲ್ಲವೆ ಅದರ ಗ್ರಹಣಶಕ್ತಿ ಇನ್ನೊಂದರ ಕಡೆಗೆ ಸರಿದಿರುತ್ತದೆ. ಆಗ ಕೆಂಪು ಹಸುರುಗಳ ಭೇದ ಅಳಿಯುತ್ತದೆ. ಇದನ್ನು ಕುರಿತು 1794ರಲ್ಲಿ ಪ್ರಬಂಧ ಮಂಡಿಸಿದವನು ಪರಮಾಣುವಾದದಿಂದ ಪ್ರಸಿದ್ಧನಾದ ಜಾನ್ ಡಾಲ್ಟನ್, ಅವನೂ ಬಣ್ಣಗುರುಡನೇ. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಬೇಕೆಂದು ಹೇಳಿಟ್ಟಿದ್ದ. 1844ರಲ್ಲಿ ಪರೀಕ್ಷಿಸಿದಾಗ ದ್ರವ ತಿಳಿಯಾಗಿತ್ತು. ಕಾದಿಟ್ಟಿದ್ದ ಆ ಕಣ್ಣಿನಿಂದಲೇ 1995ರಲ್ಲಿ ಡಿಎನ್‌ಎ ತೆಗೆದು ನೋಡಿದ ವಿಜ್ಞಾನಿಗಳು, ಹಸುರಿಗೆ ಹೆಚ್ಚು ಸ್ಪಂದಿಸುವ ವರ್ಣಕವೇ ಅವನಿಗಿರಲಿಲ್ಲವೆಂದು ಕಂಡುಕೊಂಡರು.

ಈ ದೋಷದ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಿಗೆ ಅದು ಒಂದೇ. ಹೆಣ್ಣಿಗೆ ಎರಡು, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಯುರೋಪಿನ ಮೂಲದವರಲ್ಲಿ ಸುಮಾರು 12 ಗಂಡಸರಿಗೊಬ್ಬರು, 200 ಹೆಂಗಸರಿಗೊಬ್ಬರು ಹೀಗಿರುತ್ತಾರೆ. ನನ್ನ ಸೋದರಮಾವನಿಗೂ ಇದುಂಟು. ಅಮ್ಮನ ಕಣ್ಣು ಮಾತ್ರ ಸರಿಯಾಗಿದೆ. ನಮ್ಮ ಬೆಟ್ಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಹೆಂಗಸರೇ ಹೆಚ್ಚು. ತೋಟದ ಯಜಮಾನರಿಗೆ ತಿಳಿಯದೆಯೇ ಒದಗಿದ ಅನುಕೂಲವಿದು!

ಸೇರಿಗೊಂದು ಅಳತೆ

ಹಾಗಾದರೆ ನನ್ನಂಥವನು ಪರದೆಯ ಬಣ್ಣವನ್ನು ಸರಿಪಡಿಸುವುದೆಂತು? ನನ್ನ ತಪ್ಪು ಎಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಪರದೆಯನ್ನು ಹದಗೊಳಿಸುವುದೆಂದರೆ ನಮ್ಮ ಕಣ್ಣಿಗೆ ಹಿತವಾಗಿಸುವುದಲ್ಲ. ಎಲ್ಲರೂ ಒಪ್ಪಿದ ಅಳತೆಗೆ ತರುವುದು. ಅಂಗಡಿಗೊಂದು ಸೇರಾದರೆ ವ್ಯಾಪಾರ ನಡೆದೀತೆ? ಪರದೆಗಳಿಗೆ ಬಹುವಾಗಿ ಬಳಕೆಯಲ್ಲಿರುವ ಅಳತೆ, 1996ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಮುಂದಿಟ್ಟ ಎಸ್‌ಆರ್‌ಜಿಬಿ. ಅದರಲ್ಲಿ ಬಿಳುಪಿಗೂ ಅಂಕಿಯುಂಟು: ಸುಮಾರು 6,500 ಕೆಲ್ವಿನ್, ಎಂದರೆ ಹಗಲಿನ ಬೆಳಕು.

ಇದನ್ನು ಅಳೆಯಲು ಕಲರಿಮೀಟರ್ ಎಂಬ ಅಂಗೈಯಗಲದ ಉಪಕರಣವಿದೆ. ಪರದೆ ಅರ್ಧ ಗಂಟೆ ಉರಿದು ನೆಲೆಗೊಂಡ ಮೇಲೆ ಇದನ್ನು ಅದರ ಮುಖಕ್ಕೆ ತಾಗುವಂತೆ ತೂಗಬಿಡಬೇಕು. ಕಂಪ್ಯೂಟರು ಒಂದಾದ ಮೇಲೊಂದು ಬಣ್ಣವನ್ನು ತೋರಿಸುತ್ತದೆ, ಉಪಕರಣ ಅಳೆಯುತ್ತದೆ, ಬರಬೇಕಾದುದಕ್ಕೂ ಬಂದುದಕ್ಕೂ ಇರುವ ಅಂತರ ಲೆಕ್ಕವಾಗಿ, ಪರದೆಯನ್ನು ತಿದ್ದುವ ಪ್ರೊಫೈಲ್ ಸಿದ್ಧವಾಗುತ್ತದೆ. ಇಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಒಳ್ಳೆಯ ಕಣ್ಣಿನವರೂ ಇದನ್ನೇ ನೆಚ್ಚಬೇಕು. ದೀಪದ ಹಳದಿ ಬೆಳಕಿಗೂ ಒಗ್ಗಿ ಗೋಡೆಯನ್ನು ಬಿಳಿಯೆನ್ನುವುದು ಎಲ್ಲರ ಕಣ್ಣಿನ ಸ್ವಭಾವ.

ಬೆಳಕು ನೆರಳುಗಳ ತಾರತಮ್ಯ ನಮಗೂ ತಿಳಿಯುತ್ತದೆ. ಆದ್ದರಿಂದ ಪರದೆಯ ಪ್ರಕಾಶವನ್ನು ನಾವೇ ನೋಡಿಕೊಳ್ಳಬಹುದು. ಚಿತ್ರ ತಿದ್ದುವಾಗ ಕಣ್ಣನ್ನು ಬಿಟ್ಟು ಅಂಕಿಯನ್ನು ಓದಬೇಕು: ಕೆಂಪು, ಹಸುರು, ನೀಲಿಗಳಿಗೆ 0ಯಿಂದ 255ರವರೆಗೆ ಅಂಕಿಗಳುಂಟು, ಮೂರೂ ಸಮವಾದರೆ ಅದು ಬೂದು, ಸಂಶಯವಿಲ್ಲ. ಬಣ್ಣಗುರುಡರಿಗಾಗಿ ಬಣ್ಣ ಬದಲಿಸಿ ತೋರಿಸುವ ಸೌಕರ್ಯವೂ ಇಂದಿನ ಕಂಪ್ಯೂಟರುಗಳಲ್ಲಿದೆ. ಓದುವುದಕ್ಕೆ ಅದು ಒಳ್ಳೆಯದು. ಚಿತ್ರ ತಿದ್ದುವಾಗ ಮಾತ್ರ ಅದನ್ನು ಆರಿಸಿಡಬೇಕು.

ತೆರೆದ ಬಾಗಿಲು

ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಸಂಕಲನ ಕಲಿಯಲು ಆಯ್ಕೆಯಾಗಿದ್ದ ತರುಣನೊಬ್ಬನಿಗೆ ಈ ದೋಷದ ಕಾರಣದಿಂದ ಪ್ರವೇಶ ತಪ್ಪಿತ್ತು. ಅವನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ, ಬಣ್ಣಗುರುಡರಿಗೆ ಸಂಸ್ಥೆಯ ಎಲ್ಲ ತರಗತಿಗಳ ಬಾಗಿಲನ್ನೂ ತೆರೆಯಬೇಕೆಂದು ಹೇಳಿತು. ಅಲ್ಪ ಮತ್ತು ಮಧ್ಯಮ ಪ್ರಮಾಣದ ದೋಷವುಳ್ಳವರಿಗೆ ವಾಹನ ನಡೆಸುವ ಪರವಾನಗಿ ದೊರೆಯುವಂತೆ ಕೇಂದ್ರ ಸರ್ಕಾರ 2020ರಲ್ಲಿ ನಿಯಮವನ್ನು ತಿದ್ದಿತು.

ಆದುದರಿಂದ ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ಮಗ ಮರದ ಎಲೆಗೆ ಕಂದು ಬಣ್ಣ ಬಳಿದರೆ ಕಿವಿ ಹಿಂಡಬೇಡಿ. ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜಪಾನಿನ ಇಷಿಹರ 1917ರಲ್ಲಿ ಪ್ರಕಟಿಸಿದ ಚುಕ್ಕೆಯಂಕಿಗಳ ಪುಟಗಳನ್ನು ತೋರಿಸಿ ಕೆಲವೇ ನಿಮಿಷಗಳಲ್ಲಿ ಹೇಳಿಬಿಡುತ್ತಾರೆ. ಹುಟ್ಟಿನಿಂದ ಬಂದ ಈ ದೋಷಕ್ಕೆ ಈಗ ರೂಢಿಯಲ್ಲಿರುವ ಚಿಕಿತ್ಸೆಯಿಲ್ಲ, ನಿಜ. ತಿಳಿದಿದ್ದರೆ ಅರ್ಧ ಸಂಕಟ ತಪ್ಪುತ್ತದೆ.

ಮುಂದಿನ ಸಂಚಿಕೆಯ ಮುಖಪುಟವನ್ನೂ ನಾನೇ ಸಿದ್ಧಪಡಿಸಿದೆ, ಎರವಲು ತಂದ ಕಲರಿಮೀಟರಿನಿಂದ. ಅಚ್ಚಿಗೆ ಹೋಗುವ ಮೊದಲು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಹಣ್ಣು ಚೆನ್ನಾಗಿ ಮಾಗಿದೆ ಕಣೋ" ಎಂದಳು.